ಕನ್ನಡಕದಂಗಡಿಯವನ ಮನೆಯವರು

"ಅಲ್ಲೇ ನಿಲ್ಲಿ! ಒಂದ್ ಹೆಜ್ಜೆನೂ ಮುಂದೆ ಇಡಬೇಡಿ!"

ಅವಳು ಹೌಹಾರಿ ನಿಂತುಬಿಟ್ಟಳು. ಒಂದು ಕಾಲು ಅಂಗಡಿಯ ಒಳಗೆ, ಇನ್ನೊಂದು ಹೊರಗೆ. ಕೈಯಲ್ಲಿ ನಡು ಮುರಿದು ಎರಡಾದ ಕನ್ನಡಕ. ಕೂಗಿದವನು ಗಂಡಸು ಎಂದು ದನಿಯಿಂದ ತಿಳಿಯಿತೇ ಹೊರತು, ಕಣ್ಣಿಗೆ ಕಂಡದ್ದು ಬರೀ ಒಂದು ನೀಲಿ ಅಂಗಿ.

"ಮಾಸ್ಕ್ ಮೂಗಿನ ಮೇಲೆ ಎಳ್ಕೊಳ್ಳಿ. ಗಲ್ಲದ ಮೇಲೆ ಬಿಟ್ಕೊಳ್ಳೋಕೆ ಅದೇನು ಗಡ್ಡಾನಾ?"

ಅವಳಿಗೆ ಎಲ್ಲಿತ್ತೋ ಸಿಟ್ಟು!

"ಕಣ್ಣು ಕಾಣದವಳ ಮೇಲೆ ಹೀಗೆ ಕೂಗಾಡ್ತೀರಲ್ಲ, ನಿಮಗೆ ಸ್ವಲ್ಪನಾದ್ರೂ ಮನುಷ್ಯತ್ವ ಇದ್ಯಾ? ಈ ಹಾಳು ಮಾಸ್ಕಿನ ದಾರ ಸಿಕ್ಕಾಕ್ಕೊಂಡೇ ಕನ್ನಡಕ ಬಿದ್ದಿದ್ದು!"

ಆಮೇಲೆ ಆ ದನಿ ತಗ್ಗಿತು.

"ಮಾಸ್ಕ್ ಸರಿ ಮಾಡ್ಕೊಂಡು ಒಳಗೆ ಬನ್ನಿ. ಬಲಗಡೆ ಕುರ್ಚಿ ಇದೆ. ನಿಧಾನ... ಕಾಲಿಗೆ ಸ್ಟೂಲ್ ಸಿಗುತ್ತೆ."

ಹೊಸ ಕನ್ನಡಕ ಮಾಡಬೇಕಾದರೆ ಎರಡು ಕಣ್ಣುಗಳ ನಡುವಿನ ಅಂತರ ಅಳೆಯಬೇಕು. ಅದಕ್ಕೆ ಅವನೊಂದು ಸಣ್ಣ ಸ್ಕೇಲು ಹಿಡಿದು ಅವಳ ಎದುರಿಗೆ ಕೂತ. ತನ್ನ ಮಾಸ್ಕನ್ನು ಮೂಗಿನ ಮೇಲೆ ಇನ್ನೊಮ್ಮೆ ಒತ್ತಿಕೊಂಡು, ಸ್ಕೇಲನ್ನು ಅವಳ ಮೂಗಿನ ಮೇಲೆ ಹಗುರವಾಗಿ ಇಟ್ಟ.

"ನನ್ನ ಎಡಗಣ್ಣು ನೋಡಿ... ನೋಡ್ತಾ ಇರಿ... ಈಗ ಬಲಗಣ್ಣು."

ಇಷ್ಟು ಹತ್ತಿರ ಬಂದ ಮೇಲೆ ಅವಳಿಗೆ ಆ ಕಣ್ಣುಗಳು ಕಂಡವು. ತುಸು ಕೆಂಪಾಗಿದ್ದವು, ನಿದ್ದೆಗೆಟ್ಟಿದ್ದವು. ಆದರೆ ಎಷ್ಟು ಗಮನವಿಟ್ಟು ಅವಳನ್ನೇ ನೋಡುತ್ತಿದ್ದವು! ಅವಳನ್ನು ಯಾರಾದರೂ ಹೀಗೆ ನೋಡಿ ಎಷ್ಟು ಕಾಲವಾಗಿತ್ತು? ಸೋಂಕು ಶುರುವಾದ ಮೇಲೆ? ಇಲ್ಲ... ಅದಕ್ಕೂ ಮುಂಚಿನಿಂದಲೇ ಯಾರೂ ನೋಡಿರಲಿಲ್ಲ.

ಕಣ್ಣು ತುಂಬಿಬಂತು.

"ನೀರು ಬಂದ್ರೆ ಅಳತೆ ತಪ್ಪುತ್ತೆ," ಎಂದ ಅವನು, ಮೆಲ್ಲಗೆ. "ಕೂಗಿದ್ದಕ್ಕಾ? ಸಾರಿ. ದಿನಾ ಕೂಗಿ ಕೂಗಿ ಅಭ್ಯಾಸ ಆಗ್ಬಿಟ್ಟಿದೆ."

"ಅದಕ್ಕಲ್ಲ. ಧೂಳು."

ಬಾಗಿಲು ಕಿಟಕಿ ಎಲ್ಲ ಒರೆಸಿ ಫಳಫಳ ಎನ್ನುತ್ತಿದ್ದ ಅಂಗಡಿಯಲ್ಲಿ ಧೂಳಂತೆ! ಅವನು ಪಾಪ, ನಂಬಿದವನಂತೆ ತಲೆಯಾಡಿಸಿದ.

ಅವಳ ಕೆಲಸ ಪ್ರಶ್ನೆ ಕೇಳುವುದು. ಜನಾಭಿಪ್ರಾಯ ಸಂಗ್ರಹಿಸುವ ಕಂಪನಿಯೊಂದಕ್ಕಾಗಿ, ಬಾಡಿಗೆಯ ಒಂಟಿ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬೆಳಗಿನಿಂದ ಸಂಜೆತನಕ ಫೋನ್ ಮಾಡುತ್ತಿದ್ದಳು. ಈ ವರ್ಷ ಒಂದೇ ವಿಷಯ.

"ನಮಸ್ಕಾರ. ನೀವು ಮಾಸ್ಕ್ ಹಾಕೋದು, ದೂರ ನಿಲ್ಲೋದು, ಇದಕ್ಕೆಲ್ಲ ಮುಖ್ಯ ಕಾರಣ ಏನು? ನಿಮಗೆ ರೋಗ ಬರಬಾರದು ಅಂತಾನಾ, ಬೇರೆಯವರಿಗೆ ಬರಬಾರದು ಅಂತಾನಾ, ಕಾನೂನು ಅಂತಾನಾ, ಅಥವಾ ಎಲ್ಲರೂ ಮಾಡ್ತಾರೆ ಅಂತಾನಾ?"

ಉತ್ತರಗಳೋ, ಒಂದಕ್ಕಿಂತ ಒಂದು!

"ದಂಡ ಹಾಕ್ತಾರಲ್ಲಮ್ಮ, ಅದಕ್ಕೆ!"

"ಮೊಮ್ಮಗಳು ಬೈತಾಳೆ. ಅವಳಿಗಿಂತ ದೊಡ್ಡ ಸರ್ಕಾರ ನಮ್ಮನೇಲಿಲ್ಲ."

"ಹಲ್ಲಿನ ಸೆಟ್ ಮುರಿದೋಗಿದೆ ಕಣಮ್ಮ. ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಕಾಣಲ್ಲ ನೋಡು."

ಕೆಲಸಕ್ಕೆ ಸೇರಿದಾಗ ಮೇಲಧಿಕಾರಿ ಮೇಡಂ ಒಂದು ಮಾತನ್ನು ತಲೆಗೆ ತುಂಬಿದ್ದರು. ಮೊದಲ ಉತ್ತರಕ್ಕೇ ಫೋನ್ ಇಡಬಾರದು. "ಬೇರೆ ಏನಾದ್ರೂ ಕಾರಣ ಇದ್ಯಾ?" ಅಂತ ಕೇಳಲೇಬೇಕು. ಮೊದಲನೆಯದು ಊರಿಗೆಲ್ಲ ಹೇಳುವ ಉತ್ತರ. ನಿಜವಾದದ್ದು ಇದ್ದರೆ ಅದರ ಹಿಂದೆ ನಾಚಿಕೊಂಡು ನಿಂತಿರುತ್ತದೆ.

ಅವಳಿಗೆ ಮಾತ್ರ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವಳಷ್ಟು ನಿಯಮ ಪಾಲಿಸುವವರು ಆ ಬೀದಿಯಲ್ಲೇ ಇರಲಿಲ್ಲ. ನಿರ್ಬಂಧ ಇನ್ನೊಂದಷ್ಟು ದಿನ ಮುಂದುವರಿಯುತ್ತದೆ ಎಂದು ವಾರ್ತೆಯಲ್ಲಿ ಬಂದಾಗಲೆಲ್ಲ ಪಕ್ಕದ ಮನೆಯವರು ತಲೆ ಚಚ್ಚಿಕೊಳ್ಳುತ್ತಿದ್ದರೆ, ಇವಳು ಸದ್ದಿಲ್ಲದೆ ನಿಟ್ಟುಸಿರು ಬಿಡುತ್ತಿದ್ದಳು. ಅದು ದುಃಖದ ಉಸಿರಾಗಿರಲಿಲ್ಲ.

ಯಾಕೆ? ಅದನ್ನು ತನ್ನೊಳಗೇ ಕೇಳಿಕೊಳ್ಳಲೂ ಅವಳಿಗೆ ಭಯವಿತ್ತು.

ಹೊಸ ಕನ್ನಡಕ ಬಂತು. ಮೂರನೇ ದಿನಕ್ಕೇ ಮೂಗಿನ ಮೇಲೆ ಒತ್ತುತ್ತಿದೆ ಎಂದು ಅಂಗಡಿಗೆ ಹೋದಳು. ಅವನು ಸರಿಮಾಡಿಕೊಟ್ಟ. ಆಮೇಲೆ ಕಿವಿಯ ಹತ್ತಿರ ಸಡಿಲ. ಆಮೇಲೆ ಸ್ಕ್ರೂ ಬಿದ್ದುಹೋಯಿತು. ಕನ್ನಡಕದ ಸ್ಕ್ರೂ ತಾನಾಗಿ ಹಾಗೆ ಬೀಳುವುದಿಲ್ಲ, ಉಗುರಿನಿಂದ ತಿರುಗಿಸಿದರೆ ಬೀಳುತ್ತದೆ. ಅದು ಅವಳಿಗೂ ಗೊತ್ತು, ನಿಮಗೂ ಗೊತ್ತಾಯಿತು. ಅವನಿಗೆ ಗೊತ್ತಿರಲಿಲ್ಲವೇ? ಅದೇ ಕಸುಬು ಮಾಡುವವನಿಗೆ!

"ಈ ಸ್ಕ್ರೂಗೆ ನಿಮ್ಮ ಮೇಲೇನೋ ಕೋಪ ಇರಬೇಕು," ಎನ್ನುತ್ತಿದ್ದ, ತಲೆ ಎತ್ತದೆ.

"ನಿಮ್ಮ ಅಂಗಡಿ ಮಾಲು ಸರಿಯಿಲ್ಲ ಅನ್ನಿ."

"ಹೂಂ. ಹಾಗಿದ್ರೆ ಆಗಾಗ ಬಂದು ತೋರಿಸ್ತಾ ಇರಿ."

ಮಾಸ್ಕಿನ ಮೇಲಿನ ಕಣ್ಣುಗಳು ನಗುತ್ತಿದ್ದವು. ಅಷ್ಟೇ ಸಾಕಾಗಿತ್ತು ಅವಳಿಗೆ. ಕೋಣೆಗೆ ಬಂದು ಬ್ರೆಡ್ ಸುಟ್ಟುಕೊಂಡು ಒಬ್ಬಳೇ ತಿನ್ನುವಾಗಲೂ ಆ ನಗು ಜೊತೆಗಿರುತ್ತಿತ್ತು. 'ನನಗೇನಾಗಿದೆ? ಅವನ ಮೂಗು ಹೇಗಿದೆ ಅಂತಲೂ ಗೊತ್ತಿಲ್ಲ, ಆಗಲೇ...' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಒಂದು ದಿನ ಅವಳ ಮುಂದೆಯೇ ಒಬ್ಬ ದಢೂತಿ ಆಸಾಮಿ ಮಾಸ್ಕಿಲ್ಲದೆ ನುಗ್ಗಿದ. ಇವನು ಕೂಗಿ ಹೊರಗೆ ನಿಲ್ಲಿಸಿದ. ಆಸಾಮಿ ಗೊಣಗುತ್ತಾ ಹೋದ ಮೇಲೆ ಅವಳು ಕೇಳಿದಳು.

"ಯಾಕಿಷ್ಟು ಸ್ಟ್ರಿಕ್ಟು ನೀವು? ನಿಮಗೆ ಭಯಾನಾ?"

ಸ್ಕ್ರೂಡ್ರೈವರ್ ಹಿಡಿದ ಅವನ ಕೈ ನಿಂತಿತು.

"ನನಗಲ್ಲ. ನಮ್ಮನೆಯವರಿಗೋಸ್ಕರ. ಅವರಿಗೆ ಶ್ವಾಸಕೋಶ ಸ್ವಲ್ಪ ವೀಕು."

ನಮ್ಮನೆಯವರು!

ಗಂಡ ಹೆಂಡತಿಯನ್ನೋ ಹೆಂಡತಿ ಗಂಡನನ್ನೋ ಹೆಸರೆತ್ತದೆ ಹೇಳುವ ಮಾತಲ್ಲವೇ ಅದು? ಅವಳ ಅಕ್ಕ ದಿನಕ್ಕೆ ನೂರು ಸಲ 'ನಮ್ಮನೆಯವರು ಹಾಗಂದ್ರು, ಹೀಗಂದ್ರು' ಎನ್ನುವುದು ಭಾವನ ಬಗ್ಗೆಯೇ ಅಲ್ಲವೇ?

ಅವನು ಇನ್ನೇನೋ ಹೇಳಲು ತಲೆ ಎತ್ತಿದ. ದಿನಾ ಊರವರನ್ನೆಲ್ಲ 'ಬೇರೆ ಏನಾದ್ರೂ?' ಎಂದು ಕೆದಕುವ ನಮ್ಮ ಹುಡುಗಿ ಇಲ್ಲಿ ಬಾಯಿ ಹೊಲಿದುಕೊಂಡಳು! "ಥ್ಯಾಂಕ್ಸ್, ಬರ್ತೀನಿ" ಎಂದವಳೇ ಕನ್ನಡಕ ಕಿತ್ತುಕೊಂಡಂತೆ ತೆಗೆದುಕೊಂಡು ಹೊರಬಿದ್ದಳು.

ಹೊರಗೆ ಬೆಂಚಿನ ಮೇಲೆ ನಿವೃತ್ತ ಮೇಷ್ಟ್ರು ಸರದಿ ಕಾಯುತ್ತಿದ್ದರು. ಅವರು ಕಿಟಕಿಯಿಂದಲೇ ಕೂಗಿದ್ದು ಅವಳ ಬೆನ್ನಿಗೆ ಕೇಳಿಸಿತು.

"ಏನಪ್ಪಾ, ನಿಮ್ಮನೆಯವರಿಗೆ ಕೆಮ್ಮು ಹೇಗಿದೆ? ನಮ್ಮವಳು ಆ ಹೆಣ್ಣುಮಗಳಿಗೆ ಅಂತ ಸ್ವೆಟರ್ ಹೆಣೀತಿದಾಳೆ!"

ಇನ್ನು ಅನುಮಾನವೆಲ್ಲಿ ಉಳಿಯಿತು?

ಆ ದಿನದಿಂದ ಸ್ಕ್ರೂ ಬೀಳುವುದು ನಿಂತಿತು. ಅಂಗಡಿಯ ಬೀದಿ ಬಿಟ್ಟು ಸುತ್ತಿಬಳಸಿ ಹಾಲು ತರತೊಡಗಿದಳು. ಫೋನಿನಲ್ಲಿ ಯಾರಾದರೂ "ನಮ್ಮನೆಯವರಿಗೋಸ್ಕರ" ಎಂದರೆ, 'ಬೇರೆ ಏನಾದ್ರೂ?' ಎಂದು ಕೇಳದೆಯೇ ಇಟ್ಟುಬಿಡುತ್ತಿದ್ದಳು. ಯಾರ ಮೇಲೆ ಹೊಟ್ಟೆಕಿಚ್ಚು? ಕೆಮ್ಮುತ್ತಾ ಮಲಗಿರುವ ಒಬ್ಬ ಹೆಂಗಸಿನ ಮೇಲೆ! ಥೂ, ಎಂಥವಳು ನಾನು ಎಂದು ನಾಚಿಕೆಯಾಗುತ್ತಿತ್ತು.

ಅಷ್ಟರಲ್ಲಿ ಅಕ್ಕನ ಫೋನು.

"ಚಿನ್ನು, ವಾರ್ತೆ ನೋಡಿದ್ಯಾ? ಬರೋ ತಿಂಗಳು ಎಲ್ಲಾ ಓಪನ್ ಅಂತೆ. ಇನ್ನು ನಿನ್ನ ನೆಪ ಏನೂ ನಡೆಯಲ್ಲ. ಕೋಣೆ ಖಾಲಿ ಮಾಡಿ ಇಲ್ಲಿಗೇ ಬಾ."

"ನಿಮ್ಮನೇಲಿ ಜಾಗ ಎಲ್ಲಿದೆ ಅಕ್ಕಾ?"

"ಮಕ್ಕಳ ರೂಮಲ್ಲಿ ಒಂದು ಮಂಚ ಹಾಕಿದ್ರಾಯ್ತು. ಅಲ್ಲಿ ಒಬ್ಬಳೇ ಯಾರಿಗೋಸ್ಕರ ಕೂತಿದೀಯ ಹೇಳು?"

ಯಾರಿಗೋಸ್ಕರ? ಇನ್ನೊಬ್ಬರ ಸಂಸಾರದ ಮೂಲೆಯಲ್ಲಿ ಮಕ್ಕಳ ಚಿಕ್ಕಮ್ಮನಾಗಿ ಉಳಿದುಬಿಡುವುದು... ಇಲ್ಲಿ ಇರಲಾರಳು, ಅಲ್ಲಿ ಸಲ್ಲಳು.

"ಆಯ್ತು ಅಕ್ಕಾ. ಬರ್ತೀನಿ."

ಹೊರಡುವ ಮುಂಚೆ ಒಂದೇ ಒಂದು ಸಲ ಆ ಕಣ್ಣು ನೋಡಿ ಬರಬೇಕೆನಿಸಿತು. ಮಾತಾಡುವುದೂ ಬೇಡ, ದೂರದಿಂದಲೇ ಸಾಕು. ಆದರೆ ಅಂಗಡಿಯ ಶಟರ್ ಎಳೆದಿತ್ತು. 'ಸೋಂಕಿನ ಕಾರಣ ಅಂಗಡಿ ಮುಚ್ಚಿದೆ' ಎಂದು ಒಂದು ರಟ್ಟು ನೇತಾಡುತ್ತಿತ್ತು. ಅದರ ಮುಂದೆ ಮೇಷ್ಟ್ರು ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದರು.

"ಅವನಿಗೇ ಬಂದುಬಿಟ್ಟಿದೆಯಂತಮ್ಮ! ಇನ್ನು ಆ ಹೆಣ್ಣುಮಗಳ ಗತಿ ಏನು? ಮೊದಲೇ ಶ್ವಾಸಕೋಶ ಸರಿಯಿಲ್ಲ... ಹಿಂದಿನ ಮೆಟ್ಟಿಲು ಹತ್ತಿದರೆ ಅವರ ಮನೆ. ನಾನು ಹೋಗೋಣ ಅಂದ್ರೆ ನಮ್ಮವಳು ಕಾಲು ಮುರಿತೀನಿ ಅಂತಾಳೆ."

ಅದೇ ಗಳಿಗೆಯಲ್ಲಿ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದು ಯೋಚನೆ ತಲೆಹಾಕಿತು... ಒಂದು ವೇಳೆ ಆಕೆಗೆ ಏನಾದರೂ ಆಗಿ...

'ಛೀ!'

ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುವಷ್ಟು ಅಸಹ್ಯವಾಯಿತು. ಕೋಣೆಗೆ ಓಡಿದಳು. ತರಕಾರಿ ಹೆಚ್ಚಿ ಸೂಪ್ ಮಾಡಿದಳು, ಡಬ್ಬಿಗೆ ತುಂಬಿದಳು, ಹಣ್ಣು, ಬ್ರೆಡ್ಡು, ಜ್ವರದ ಮಾತ್ರೆ ಎಲ್ಲ ಚೀಲಕ್ಕೆ ಹಾಕಿದಳು. ಪ್ರಾಯಶ್ಚಿತ್ತವೋ ಪ್ರೀತಿಯೋ ಅವಳಿಗೇ ತಿಳಿಯದು. ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕ್ ಹಾಕಿಕೊಂಡು ಆ ಹಿಂದಿನ ಮೆಟ್ಟಿಲು ಹತ್ತಿದಳು.

ಬಾಗಿಲ ಮುಂದೆ ಚೀಲವಿಟ್ಟು, ತಟ್ಟಿ, ಹಿಂದೆ ಸರಿದು ನಿಂತಳು.

"ಅಕ್ಕಾ... ಅಕ್ಕಾ, ಬಾಗಿಲು ಈಗಲೇ ತೆಗೀಬೇಡಿ. ಊಟ ಇಟ್ಟಿದೀನಿ. ನಾನು ನಿಮ್ಮ ಯಜಮಾನರ ಅಂಗಡಿ ಗಿರಾಕಿ. ನಿಮಗೆ ಉಸಿರಾಟಕ್ಕೇನೂ ತೊಂದರೆ ಇಲ್ಲ ತಾನೆ? ಅಕ್ಕಾ?"

ಒಳಗಿನಿಂದ ಕೆಮ್ಮು. ಗಂಡಸಿನ ಕೆಮ್ಮು. ಆಮೇಲೆ ಬಾಗಿಲಿನ ಆಚೆಯೇ, ನೆಲದ ಹತ್ತಿರದಿಂದ ಎಂಬಂತೆ, ಒಂದು ಸೋತ ದನಿ.

"ಅಕ್ಕ ಇಲ್ಲ..."

"ಇಲ್ಲ ಅಂದ್ರೆ? ಆಸ್ಪತ್ರೆಗೆ ಸೇರಿಸಿದ್ರಾ?"

"ಇದ್ದಿದ್ರೆ ತಾನೇ ಸೇರಿಸೋಕೆ..."

ಹೋಗಿಬಿಟ್ಟಳೇ? ಆ ಯೋಚನೆ ತನ್ನ ತಲೆಗೆ ಬಂದ ಆ ಗಳಿಗೆಯಲ್ಲೇ...? ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅಳತೊಡಗಿದಳು.

"ಅಯ್ಯೋ, ಅಳಬೇಡಿ!" ಒಳಗಿನವನು ಗಾಬರಿಬಿದ್ದ. "ರೀ, ಕೇಳಿ ಇಲ್ಲಿ! ಅವರು ಸತ್ತಿಲ್ಲ. ಅವರು... ಹುಟ್ಟೇ ಇಲ್ಲ!"

ಅಳು ಅರ್ಧಕ್ಕೇ ನಿಂತಿತು.

"ಏನಂದ್ರಿ?"

"ನಂಗೆ ಮದುವೆ ಆಗಿಲ್ಲ. ಈ ಮನೇಲಿ ನಾನೊಬ್ಬನೇ ಇರೋದು."

ಕೆಮ್ಮಿನ ನಡುನಡುವೆ ಅವನು ಹೇಳಿಕೊಂಡ. ಸೋಂಕಿನ ನಡುವೆ ಅಂಗಡಿ ಮತ್ತೆ ತೆರೆದ ಶುರುವಿನಲ್ಲಿ ಮಾಸ್ಕ್ ಹಾಕಿ ಎಂದರೆ ಒಬ್ಬರೂ ಕೇಳುತ್ತಿರಲಿಲ್ಲವಂತೆ. ನಿಮ್ಮ ಒಳ್ಳೆಯದಕ್ಕೇ ಎಂದರೆ, ನನಗೇನೂ ಆಗಲ್ಲ ಬಿಡ್ರೀ ಎನ್ನುತ್ತಿದ್ದರು. ಕಾನೂನು ಎಂದರೆ ನಗುತ್ತಿದ್ದರು. ಒಂದು ದಿನ ಬೇಸತ್ತು, ಮನೇಲಿ ಹುಷಾರಿಲ್ಲದವರಿದ್ದಾರೆ ಎಂದುಬಿಟ್ಟ.

"ಆ ಮನುಷ್ಯ ತಕ್ಷಣ ಮೂಗು ಮುಚ್ಕೊಂಡ ಕಣ್ರೀ. ಪಾಪ ಅಂದ. ತನಗೋಸ್ಕರ ಹಾಕದವನು, ಮುಖನೇ ನೋಡಿರದ ಯಾರಿಗೋಸ್ಕರನೋ ಹಾಕಿದ. ಅವತ್ತಿಂದ ಎಲ್ಲರಿಗೂ ನಮ್ಮನೆಯವರು, ನಮ್ಮನೆಯವರು ಅಂತಿದ್ದೆ. ಮನೆ ಮಂದಿ ಅನ್ನೋ ಅರ್ಥದಲ್ಲಿ ಅಂದಿದ್ದು. ಜನ ಹೆಂಡತಿ ಅಂತ ಕೇಳಿಸ್ಕೊಂಡ್ರು."

"ನೀವು ಅಲ್ಲ ಅನ್ನಬಹುದಿತ್ತಲ್ಲ!"

ಅವನು ಬಾಗಿಲಿಗೆ ಒರಗಿಕೊಂಡ ಸದ್ದಾಯಿತು.

"ಅನ್ನಬಹುದಿತ್ತು. ಆದ್ರೆ... ದಿನಾ ಒಬ್ಬರಾದ್ರೂ 'ನಿಮ್ಮನೆಯವರು ಹೇಗಿದಾರೆ' ಅಂತ ಕೇಳೋರು. ಹಾಗೆ ಕೇಳಿಸ್ಕೊಳ್ಳೋದು ಹಿತವಾಗಿತ್ತು. ಸಾಯಂಕಾಲ ಶಟರ್ ಎಳೆಯೋವಾಗ ಮೇಲೆ ಯಾರೋ ಕಾಯ್ತಿದಾರೆ ಅನ್ಸೋದು. ಮೆಟ್ಟಿಲು ಹತ್ತಿ ಬಾಗಿಲು ತೆಗೆಯೋವರೆಗೆ."

ಅವಳಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಸಿಟ್ಟೇ ಮೊದಲು ಬಾಯಿಗೆ ಬಂತು.

"ಊರವರಿಗೆ ಹೇಳಿದ್ರಿ, ಸರಿ. ನನಗೂ ಹೇಳಿದ್ರಲ್ಲ! ನಾನೆಷ್ಟು ಅತ್ತೆ ಗೊತ್ತಾ?"

"ನಿಮಗೆ ನಿಜ ಹೇಳೋಣ ಅಂತಾನೇ ತಲೆ ಎತ್ತಿದೆ. ಇನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ದೆ. ನೀವು ಥ್ಯಾಂಕ್ಸ್ ಅಂದು ಓಡಿಬಿಟ್ರಿ." ಅವನ ದನಿ ಬದಲಾಯಿತು. "ಅತ್ರಾ? ಯಾಕೆ ಅತ್ರಿ?"

ಅವಳು ನಾಲಿಗೆ ಕಚ್ಚಿಕೊಂಡಳು. ಮೇಡಂ ಕಲಿಸಿದ ಒಂದೇ ಒಂದು ಪಾಠ, ಬೇಕಾದ ಕಡೆಯೇ ಮರೆತಿದ್ದಳು!

"ನಾನೂ ಒಂದು ಹೇಳ್ಲಾ?" ಎಂದಳು, ಮಂಡಿಗೆ ಗಲ್ಲ ಊರಿ. "ಹೇಳಿದ ಮೇಲೆ ನೀವು ನನ್ನ ಮುಖ ನೋಡಲ್ಲ."

"ಇನ್ನೂ ಪೂರ್ತಿ ನೋಡೇ ಇಲ್ಲವಲ್ಲ. ಹೇಳಿ."

"ಈ ರೂಲ್ಸ್ ಯಾವತ್ತೂ ಮುಗೀಬಾರದು ಅಂತ ಬೇಡ್ಕೊಳ್ತಿದ್ದೆ. ಜನ ಸಾಯ್ತಿದ್ರು, ಕೆಲಸ ಕಳ್ಕೊಂಡು ಅಳ್ತಿದ್ರು, ಫೋನಲ್ಲಿ ದಿನಾ ನಾನೇ ಕೇಳಿಸ್ಕೊಳ್ತಿದ್ದೆ. ಆದ್ರೂ... ಎಲ್ಲರೂ ಬಾಗಿಲು ಹಾಕ್ಕೊಂಡು ಕೂತಾಗ, ನಾನು ಒಬ್ಬಳೇ ಇರೋದು ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಭಾನುವಾರ ಎಲ್ಲಿಗೂ ಹೋಗಿಲ್ವಾ, ಮನೆಗೆ ಯಾರೂ ಬರಲ್ವಾ ಅಂತ ಯಾರೂ ಕೇಳ್ತಿರಲಿಲ್ಲ. ಒಂಟಿಯಾಗಿರೋದೇ ಸರಿ ಅಂತ ಸರ್ಕಾರನೇ ಹೇಳಿತ್ತು. ಎಲ್ಲರೂ ನನ್ನನ್ನ ಎಷ್ಟು ಜವಾಬ್ದಾರಿ ಇರೋ ಹುಡುಗಿ ಅಂತಾರೆ. ಜವಾಬ್ದಾರಿನೂ ಇಲ್ಲ, ಮಣ್ಣೂ ಇಲ್ಲ. ನಾಚಿಕೆ ಮುಚ್ಕೊಳ್ಳೋಕೆ ಅಷ್ಟೇ."

ಮುಗಿಯಿತು, ಇನ್ನು ಎದ್ದು ಹೋಗುವುದೇ ಸರಿ ಎಂದುಕೊಂಡಳು.

"ಅಲ್ಲಾ, ಈಗ ನನ್ನ ಬಾಗಿಲಿಗೆ ಬಂದಿದೀರಲ್ಲ," ಎಂದ ಅವನು ನಿಧಾನವಾಗಿ. "ನನಗೆ ಹೆಂಡತಿ ಇದಾಳೆ ಅಂತ ತಿಳ್ಕೊಂಡು, ಅವಳಿಗೆ ಸೂಪ್ ತಂದಿದೀರ. ಅದು ಯಾವ ನಾಚಿಕೆ ಮುಚ್ಕೊಳ್ಳೋಕೆ?"

ಕಣ್ಣೀರು ಮಾಸ್ಕಿನೊಳಗೆ ಇಳಿದು ಉಪ್ಪುಪ್ಪಾಗುತ್ತಿತ್ತು.

"ಸ್ವಲ್ಪ ಹೊತ್ತು ಅಲ್ಲೇ ಕೂತಿರ್ತೀರಾ? ಕೆಳಗಿನ ಮೆಟ್ಟಿಲಲ್ಲಿ, ದೂರ. ಮಾತಾಡಬೇಕಾಗಿಲ್ಲ. ಆಚೆ ಒಬ್ಬರು ಇದಾರೆ ಅಂತ ಗೊತ್ತಿದ್ರೆ ನಿದ್ದೆ ಬರುತ್ತೆ ನಂಗೆ."

ಅವಳು ಕೂತಳು. ಒಳಗೆ ಅವನು ಚಮಚದಿಂದ ಸೂಪ್ ಕುಡಿಯುವ ಸದ್ದು, ಆಮೇಲೆ ನಿದ್ದೆಯ ಉಸಿರು ಕೇಳಿಸಿತು.

ಮರುದಿನವೂ ಬಂದಳು, ಅದರ ಮರುದಿನವೂ. ಕೆಳಗಿನ ಮೆಟ್ಟಿಲೇ ಅವಳ ಆಫೀಸಾಯಿತು. ಹೆಡ್‌ಫೋನ್ ಹಾಕಿಕೊಂಡು ಊರವರಿಗೆಲ್ಲ ಪ್ರಶ್ನೆ ಕೇಳುತ್ತಿದ್ದರೆ, ಒಳಗಿನಿಂದ ಅವನೂ ಒಂದೊಂದು ಉತ್ತರ ಕೂಗುತ್ತಿದ್ದ. ಜ್ವರ ಏರಿದ ದಿನ ಕೂಗಲಿಲ್ಲ. ಆ ದಿನ ಅವಳು ಡಾಕ್ಟರಿಗೆ ಫೋನ್ ಮಾಡಿದಳು, ಬಾಗಿಲು ತಟ್ಟಿ ತಟ್ಟಿ ಮಾತ್ರೆ ನುಂಗಿಸಿದಳು, "ಇನ್ನೂ ಎಚ್ಚರ ಇದೀರಾ?" ಎಂದು ಕೇಳುತ್ತಲೇ ಇದ್ದಳು. ಅವನು "ಹೂಂ" ಎಂದಾಗಲೆಲ್ಲ ಹೋದ ಜೀವ ಬಂದಂತಾಗುತ್ತಿತ್ತು. ಇವನು ಬದುಕಲಿ, ಅಷ್ಟೇ ಸಾಕು, ಎಲ್ಲ ಬಾಗಿಲೂ ತೆರೆದುಕೊಳ್ಳಲಿ ಎಂದು ಅವಳು ಮೊದಲ ಸಲ ಬೇಡಿಕೊಂಡಳು.

ಜ್ವರ ಬಿಟ್ಟಿತು. ಮೇಷ್ಟ್ರಿಗೂ ನಿಜ ಗೊತ್ತಾಯಿತು. ಬೀದಿಯಲ್ಲೇ ನಿಂತು ಮಾಳಿಗೆಯ ಕಿಟಕಿಗೆ ಕೂಗಿದರು.

"ಇಲ್ಲದ ಹೆಂಗಸಿಗೋಸ್ಕರ ಇಷ್ಟು ದಿನ ಮೂಗು ಬಾಯಿ ಕಟ್ಕೊಂಡು ಓಡಾಡಿದ್ನಲ್ಲೋ ಭೂಪ! ಆ ಸ್ವೆಟರ್ ಏನ್ ಮಾಡ್ಲಿ ಈಗ?" ಆಮೇಲೆ ತಮ್ಮ ಮಾಸ್ಕ್ ಮುಟ್ಟಿ ನೋಡಿಕೊಂಡು, "ಹೋಗ್ಲಿ ಬಿಡು, ಬದುಕಿದೀನಲ್ಲ," ಎಂದು ಹೊರಟುಹೋದರು.

ನಿರ್ಬಂಧ ತೆಗೆದ ದಿನ ಬೀದಿಯ ತುಂಬ ಗಲಾಟೆ. ಗಾಡಿಗಳ ಹಾರನ್ನು, ತಬ್ಬಿಕೊಳ್ಳುವವರ ಕಿರುಚಾಟ. ಅಕ್ಕ ಫೋನ್ ಮಾಡಿದಳು.

"ಚಿನ್ನು, ಮಂಚ ರೆಡಿ. ಯಾವಾಗ ಬರ್ತೀಯ?"

"ಬರ್ತೀನಿ ಅಕ್ಕಾ. ಎರಡು ದಿನ ಇದ್ದು ವಾಪಸ್ ಬರ್ತೀನಿ."

"ವಾಪಸ್ಸಾ? ಅಲ್ಲಿ ಯಾರಿದಾರೆ ನಿಂಗೆ?"

"ಆಮೇಲೆ ಹೇಳ್ತೀನಿ. ಮೊದಲು ಅವನಿಗೆ ಹೇಳ್ಬೇಕು!"

ಅಕ್ಕ "ಅವನಿಗಾ? ಯಾರೇ ಅವನು?" ಎಂದು ಕಿರುಚುತ್ತಿದ್ದಂತೆಯೇ ಫೋನ್ ಇಟ್ಟು ಮೆಟ್ಟಿಲು ಹತ್ತಿದಳು.

ಈ ಸಲ ತಟ್ಟುವ ಮುಂಚೆಯೇ ಬಾಗಿಲು ತೆರೆಯಿತು.

ಅವನ ಪೂರ್ತಿ ಮುಖವನ್ನು ಅವಳು ಅಂದೇ ಮೊದಲು ನೋಡಿದ್ದು. ಸೊರಗಿತ್ತು. ಗಡ್ಡ ಬೆಳೆದಿತ್ತು. ಮೂಗು ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದು, ತುಸು ಸೊಟ್ಟ. ಅವಳೂ ಮಾಸ್ಕ್ ತೆಗೆದಳು. ಇಬ್ಬರಿಗೂ ಮೈಮೇಲೆ ಬಟ್ಟೆಯೇ ಇಲ್ಲವೇನೋ ಎನ್ನುವಷ್ಟು ನಾಚಿಕೆಯಾಯಿತು.

"ಹೀಗಿದೀರಾ ನೀವು..." ಎಂದ ಅವನು.

"ಯಾಕೆ, ಚೆನ್ನಾಗಿಲ್ವಾ?"

"ಇಷ್ಟು ದಿನ ಕಣ್ಣು ನೋಡೇ ನಿದ್ದೆ ಕೆಟ್ಟಿತ್ತು. ಇನ್ಮೇಲೆ ನನ್ನ ಗತಿ ಏನು ಅಂತ ಯೋಚಿಸ್ತಿದೀನಿ."

ಅವಳು ಕೆಂಪಾದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ! ಕೊನೆಗೆ ನೆಲ ನೋಡುತ್ತಾ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ನಂಗೆ ಒಬ್ಬಳೇ ಇದ್ದು ಸಾಕಾಗಿದೆ. ಆದ್ರೆ ಅದಕ್ಕೋಸ್ಕರ ಬಂದಿಲ್ಲ. ನೀವಂದ್ರೆ ಇಷ್ಟ, ಅದಕ್ಕೆ ಬಂದೆ."

ಅವನು ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದ.

"ಒಳಗೆ ಬನ್ನಿ," ಎಂದ.

ಇನ್ನೊಬ್ಬರ ಮನೆಯೊಳಗೆ ಹೋಗುವುದು ಹೇಗೆಂಬುದೇ ಅವಳಿಗೆ ಮರೆತುಹೋಗಿತ್ತು. ಹೊಸ್ತಿಲಲ್ಲೇ ತಡವರಿಸಿ ನಿಂತಳು.

"ಚಪ್ಪಲಿ ಎಲ್ಲಿ ಬಿಡ್ಲಿ?"

"ನಂದರ ಪಕ್ಕ ಬಿಡಿ."

"ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಕಾಣುತ್ತೆ..."

"ಕಾಣ್ಲಿ."

ಅವಳು ಬಿಟ್ಟಳು.